ತಾಕಿಹಾರದ ಕಾಡುಗುಡಿಯಲ್ಲಿ ಒಂದು ಹಗಲು

ಜಪಾನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಾರು, ಬುಲೆಟ್ ರೈಲು ಮತ್ತು ಹಿರೋಶಿಮಾ. ಆ ದೇಶದ ಬೆಟ್ಟದ ತಪ್ಪಲುಗಳಲ್ಲಿ, ಹೊಳೆಗಳ ದಂಡೆಯಲ್ಲಿ, ಗದ್ದೆಗಳ ಅಂಚಿನಲ್ಲಿ ಲೆಕ್ಕವಿಲ್ಲದಷ್ಟು ಮರದ ಗುಡಿಗಳಿವೆ ಎಂಬುದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಇವು ಶಿಂಟೋ ಗುಡಿಗಳು. ಶಿಂಟೋ ಎಂದರೆ 'ಕಾಮಿಗಳ ದಾರಿ' ಎಂದರ್ಥ. ಸೂರ್ಯ, ಬೆಟ್ಟ, ಗಾಳಿ, ಹಳೆಯ ಮರ, ಕೆಲವೊಮ್ಮೆ ತೀರಿಹೋದ ಮನುಷ್ಯ, ಹೀಗೆ ಯಾವುದರಲ್ಲೆಲ್ಲ ಅವರಿಗೆ ದೈವತ್ವ ಕಂಡಿತೋ ಅದೆಲ್ಲವೂ ಕಾಮಿ. ಈ ಧರ್ಮಕ್ಕೆ ಸ್ಥಾಪಕರಿಲ್ಲ. ಕ್ರಿ.ಶ. 712 ಮತ್ತು 720ರಲ್ಲಿ ಸಿದ್ಧವಾದ 'ಕೊಜಿಕಿ' ಮತ್ತು 'ನಿಹೋನ್ ಶೋಕಿ' ಎಂಬ ಎರಡು ಹಳೆಯ ಗ್ರಂಥಗಳಲ್ಲಿ ಕಾಮಿಗಳ ಕಥೆಗಳಿವೆ. ಆದರೆ ಅವು ಜೀವನಕ್ಕೆ ವಿಧಿ ನಿಷೇಧಗಳನ್ನು ಕೊಡುವ ಗ್ರಂಥಗಳಲ್ಲ. ಮಗು ಹುಟ್ಟಿದಾಗ ಶಿಂಟೋ ಗುಡಿಗೆ ಹೋಗುವ ಕುಟುಂಬ, ಮರಣವಾದಾಗ ಬೌದ್ಧ ಭಿಕ್ಷುವನ್ನು ಕರೆಸುತ್ತದೆ. ನಿಮ್ಮ ಧರ್ಮ ಯಾವುದು ಎಂದು ಕೇಳಿದರೆ ಅದೇ ಕುಟುಂಬದ ಯಜಮಾನ 'ನನಗೆ ಧರ್ಮವಿಲ್ಲ' ಎನ್ನಬಹುದು. ನಮಗೆ ವಿಚಿತ್ರವೆನಿಸುವ ಈ ಉತ್ತರ ಅವರಿಗೆ ತೀರಾ ಸಹಜ.

ನನ್ನ ತಮ್ಮ ಕೆಲಸದ ನಿಮಿತ್ತ ಕುಟುಂಬ ಸಮೇತ ನಗೋಯಾ ನಗರದಲ್ಲಿದ್ದಾನೆ. ಶಾಲೆಯ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಅವನ ಮಗಳು ಆರನೆಯ ತರಗತಿ. ಜಪಾನಿನ ಶಾಲೆಗಳಲ್ಲಿ ಆರನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ವಾಡಿಕೆ ಬಹಳ ಹಿಂದಿನಿಂದಲೂ ಇದೆ. ಇವಳ ಶಾಲೆಯದು ಕ್ಯೋಟೋ ಮತ್ತು ನಾರಾ ಪ್ರವಾಸ. ಅಲ್ಲಿ ನೋಡುವುದೆಲ್ಲ ಹೆಚ್ಚಾಗಿ ಗುಡಿಗಳನ್ನು ಮತ್ತು ಬೌದ್ಧ ದೇಗುಲಗಳನ್ನು. ಪ್ರವಾಸಕ್ಕೆಂದು ಮಕ್ಕಳೇ ತಯಾರಿಸಿದ ಕಿರುಪುಸ್ತಕವೊಂದರಲ್ಲಿ ಗುಡಿಯ ಮುಂದೆ ಹೇಗೆ ನಿಲ್ಲಬೇಕೆಂದು ಚಿತ್ರ ಬರೆದಿದ್ದರು: ಎರಡು ಬಾರಿ ಬಾಗಬೇಕು, ಎರಡು ಬಾರಿ ಚಪ್ಪಾಳೆ ತಟ್ಟಬೇಕು, ಮತ್ತೊಮ್ಮೆ ಬಾಗಬೇಕು. ಅವಳು ಆ ಪುಟವನ್ನು ನನ್ನ ಮುಂದಿಟ್ಟು ಕೇಳಿದಳು, "ಬಡೇ ಅಬ್ಬಾ, ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನೇನು ಮಾಡಲಿ?"

ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಪ್ರವಾಸಕ್ಕೆ ಕಳುಹಿಸುವುದೇ ಬೇಡ ಎಂಬುದು ತಾಯಿಯ ಮಾತು. "ಅದು ಇಲ್ಲಿಯ ಪದ್ಧತಿ ಅಷ್ಟೆ ಭಾಯಿಜಾನ್, ಪೂಜೆಯೆಂದು ಯಾರೂ ಭಾವಿಸುವುದಿಲ್ಲ" ಎಂಬುದು ತಮ್ಮನ ಮಾತು. ಮದ್ರಸಾದಲ್ಲಿ ಓದಿದವನೆಂಬ ಕಾರಣಕ್ಕೆ ತೀರ್ಪು ನನ್ನ ಪಾಲಿಗೆ ಬಂತು. ನೋಡದೆ ಹೇಳುವುದಕ್ಕಿಂತ ಒಂದು ಗುಡಿಯನ್ನು ನೋಡಿಯೇ ಬರೋಣ ಎಂದೆ. ಜನಜಂಗುಳಿಯಿಲ್ಲದ, ನಿಂತು ಮಾತಾಡಲು ಅನುಕೂಲವಿರುವ ಸ್ಥಳ ಬೇಕಿತ್ತು. ತಮ್ಮ ಆರಿಸಿದ್ದು ತಾಕಿಹಾರ.

ನಗೋಯಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹೆದ್ದಾರಿಯಲ್ಲಿ ಸಿಗುವ ದೊಡ್ಡ ಊರುಗಳಲ್ಲಿ ಒಂದು ಮಿಯೆ ಪ್ರಾಂತದ ರಾಜಧಾನಿ ತ್ಸು. ನಮ್ಮ ಮನೆಯ ವಾದಕ್ಕೂ ಈ ಊರಿಗೂ ಒಂದು ಸಂಬಂಧವಿದೆ. 1965ರಲ್ಲಿ ತ್ಸು ನಗರಸಭೆ ತನ್ನ ವ್ಯಾಯಾಮ ಶಾಲೆಯ ಶಂಕುಸ್ಥಾಪನೆಗೆ ಶಿಂಟೋ ಪುರೋಹಿತರನ್ನು ಕರೆಸಿ ಭೂಮಿಪೂಜೆ ಮಾಡಿಸಿತು. ಖರ್ಚಾದದ್ದು 7,663 ಯೆನ್. ನಗರಸಭೆಯ ಸದಸ್ಯರೊಬ್ಬರು ಸಾರ್ವಜನಿಕ ಹಣದಲ್ಲಿ ಪೂಜೆ ಸಲ್ಲದೆಂದು ನ್ಯಾಯಾಲಯಕ್ಕೆ ಹೋದರು. 1971ರಲ್ಲಿ ನಗೋಯಾ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಭೂಮಿಪೂಜೆಯೆಂಬುದು ಜನರಲ್ಲಿ ಬೇರೂರಿದ ಪದ್ಧತಿ, ಸಂವಿಧಾನ ನಿಷೇಧಿಸಿದ ಧಾರ್ಮಿಕ ಚಟುವಟಿಕೆಯಲ್ಲ ಎಂದಿತು. ಹದಿನೈದು ನ್ಯಾಯಾಧೀಶರಲ್ಲಿ ಐವರು ಒಪ್ಪಲಿಲ್ಲ. ಪದ್ಧತಿಯೋ ಪೂಜೆಯೋ ಎಂಬುದರಲ್ಲಿ ಅಂತಹ ನ್ಯಾಯಾಧೀಶರೇ ಎರಡು ಪಾಲಾಗಿರುವಾಗ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಎರಡು ಪಾಲಾದದ್ದರಲ್ಲಿ ಆಶ್ಚರ್ಯವೇನಿದೆ!

ಮುಂದೆ ಮತ್ಸುಸಾಕಾ. ಗೋಮಾಂಸಕ್ಕೆ ಲೋಕಪ್ರಸಿದ್ಧವಾದ ಊರಾದರೂ ಹಲಾಲ್ ಚಿಂತೆಯಿಂದಾಗಿ ನಮ್ಮ ಊಟ ಡಬ್ಬಿಯಲ್ಲೇ ಬಂದಿತ್ತು. ಅದು ದಾಟಿದರೆ ಬೆಟ್ಟಗಳು ಹತ್ತಿರವಾಗುತ್ತವೆ. ಇಳಿಜಾರಿನಲ್ಲಿ ಬಾಚಿದ ಕೂದಲಿನಂತೆ ಸಾಲು ಸಾಲಾಗಿ ಕತ್ತರಿಸಿದ ಚಹಾ ಗಿಡಗಳು, ನಡುವೆ ನೀರು ನಿಲ್ಲಿಸಿದ ಭತ್ತದ ಗದ್ದೆಗಳು. ತಾಕಿಹಾರ ಎಂಬುದು ಹೊಳೆಯ ಪಕ್ಕದ ಹಳ್ಳಿ. ಹೆಸರಿನಲ್ಲೇ ಜಲಪಾತವಿದೆ. ಗುಡಿ ಇರುವುದು ಊರಿಗೆ ಅಂಟಿಕೊಂಡೇ ಇರುವ ಕಾಡಿನೊಳಗೆ.

ಮೊದಲು ಎದುರಾಗುವುದು ತೋರಿ, ಎರಡು ಕಂಬಗಳ ಮೇಲೆ ಅಡ್ಡ ತೊಲೆಯಿಟ್ಟ ಬಣ್ಣವಿಲ್ಲದ ಮರದ ಕಮಾನು. ಕಾಮಿಯ ನೆಲ ಇಲ್ಲಿಂದ ಆರಂಭ ಎಂಬುದರ ಗುರುತು. ಬಂದವರು ಅಲ್ಲಿ ನಿಂತು ಒಮ್ಮೆ ತಲೆಬಾಗಿ ಒಳಹೋಗುತ್ತಾರೆ. ನಾವು ಬಾಗಲಿಲ್ಲ. ದಾರಿಯ ಬದಿಗೆ ಸರಿದು ಮೌನವಾಗಿ ಒಳಗೆ ನಡೆದೆವು. ಯಾರೂ ತಿರುಗಿ ನೋಡಲಿಲ್ಲ. ಒಳಗಿನ ಕಾಲುದಾರಿ ಸುಮಾರು 600 ಮೀಟರ್ ಉದ್ದ. ಎರಡೂ ಬದಿಗೆ ಸುಗಿ ಎಂಬ ಭಾರೀ ಮರಗಳು. ನಾಲ್ಕೈದು ಮಂದಿ ಕೈಜೋಡಿಸಿದರೂ ತಬ್ಬಲಾಗದ ಕಾಂಡಗಳು. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಅಂಗಡಿಯಿಲ್ಲ, ಧ್ವನಿವರ್ಧಕವಿಲ್ಲ, ಕಸದ ಒಂದು ತುಣುಕೂ ಇಲ್ಲ. ನಮ್ಮ ಕಡೆಯ ದರ್ಗಾ ಜಾತ್ರೆಗಳ ಗದ್ದಲ, ಹಾದಿಯುದ್ದದ ಪ್ಲಾಸ್ಟಿಕ್ ರಾಶಿ ಕಂಡವರಿಗೆ ಆ ಮೌನವೇ ಒಂದು ಪಾಠ.

ದಾರಿಯ ಬಲಕ್ಕೆ ಕೆಲವು ಮೆಟ್ಟಿಲಿಳಿದರೆ ಸಣ್ಣ ತೊರೆ. ಯಾತ್ರಿಕರು ಅಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸುತ್ತಾರೆ. ತೊರೆಯಿಲ್ಲದ ಗುಡಿಗಳಲ್ಲಿ ಕಲ್ಲಿನ ತೊಟ್ಟಿಯ ನೀರಿನಿಂದ ಇದನ್ನೇ ಮಾಡುತ್ತಾರೆ: ಮೊದಲು ಎಡಗೈ, ಆಮೇಲೆ ಬಲಗೈ, ಬಳಿಕ ಬಾಯಿ. "ಇದು ನಮ್ಮ ವುಝೂ ಹಾಗೆಯೇ ಅಲ್ವಾ?" ಎಂದು ಹುಡುಗಿ ಕೇಳಿದಳು. ಇಂತಹ ಹೋಲಿಕೆಗಳನ್ನು ಕಂಡು 'ಎಲ್ಲವೂ ಒಂದೇ' ಎಂದುಬಿಡುವ ಚಾಳಿ ನಮ್ಮ ವಿದ್ಯಾವಂತರಲ್ಲಿ ಇತ್ತೀಚೆಗೆ ಹೆಚ್ಚುತ್ತಿದೆ. ನೀರು ಒಂದೇ, ನಿಜ. ಆದರೆ ಅವರಲ್ಲಿ ತೊಳೆದುಹೋಗಬೇಕಾದದ್ದು ಕೆಗರೆ ಎಂಬ ಮೈಲಿಗೆ. ಮರಣ ಅವರಿಗೆ ಅಂತಹ ಮೈಲಿಗೆಗಳಲ್ಲಿ ದೊಡ್ಡದು. ಮನೆಯಲ್ಲಿ ಸಾವಾದವರು ಕೆಲವು ಕಾಲ ಗುಡಿಗೆ ಬರುವುದಿಲ್ಲ. ನಮ್ಮಲ್ಲಾದರೋ ಮಯ್ಯಿತ್ತನ್ನು ಮಸೀದಿಯ ಅಂಗಳಕ್ಕೆ ತಂದು ಸಾಲುಗಟ್ಟಿ ನಿಂತು ನಮಾಝ್ ಮಾಡುತ್ತೇವೆ. ವುಝೂ ಎಂಬುದು ಅಲ್ಲಾಹನ ಮುಂದೆ ನಿಲ್ಲುವ ಸಿದ್ಧತೆ, ಅದರ ಜೊತೆಗೆ ನಿಯ್ಯತ್ ಇದೆ. ಹೀಗೆ ವ್ಯತ್ಯಾಸವನ್ನು ತಿಳಿದ ಮೇಲೂ ಗೌರವಿಸಲು ಸಾಧ್ಯ. ಗೌರವಿಸಬೇಕೆಂದು ವ್ಯತ್ಯಾಸವನ್ನೇ ಅಳಿಸಬೇಕಿಲ್ಲ. ಅಷ್ಟನ್ನು ಹುಡುಗಿಗೆ ಅವಳ ಮಟ್ಟಕ್ಕೆ ಇಳಿಸಿ ಹೇಳಿದೆ.

ದಾರಿಯ ಕೊನೆಗೆ ಬಿಳಿ ಕಲ್ಲು ಹಾಸಿದ ಬಯಲು. ಬೇಲಿಯೊಳಗೆ ಅಕ್ಕಪಕ್ಕದಲ್ಲಿ ಎರಡು ಚಿಕ್ಕ ಗುಡಿಗಳು. ಬಣ್ಣವಿಲ್ಲದ ಹಿನೋಕಿ ಮರ, ದಪ್ಪ ಹುಲ್ಲಿನ ಛಾವಣಿ, ಅಡಿಪಾಯದ ಕಲ್ಲಿಲ್ಲದೆ ನೇರವಾಗಿ ಮಣ್ಣಿನಲ್ಲಿ ಹೂಳಿದ ಕಂಬಗಳು. ವಿಗ್ರಹ ಕಾಣುವುದಿಲ್ಲ. ಇಲ್ಲಿ ಪೂಜೆ ಸಲ್ಲುವುದು ಅಮತೆರಾಸು ಎಂಬ ಸೂರ್ಯದೇವತೆಗೆ. ಆಕೆಯ ಮುಖ್ಯ ನೆಲೆ ಇಲ್ಲಿಂದ ಮುಂದೆ ಇಸೆ ಎಂಬಲ್ಲಿದೆ. ಆ ಮಹಾಗುಡಿಗೆ ಸೇರಿದ ಒಟ್ಟು 125 ಗುಡಿಗಳಲ್ಲಿ ತಾಕಿಹಾರವೂ ಒಂದು. ದೇವತೆಗೆ ಸೂಕ್ತ ಸ್ಥಳ ಹುಡುಕುತ್ತಾ ಹೊರಟ ರಾಜಕುಮಾರಿಯೊಬ್ಬಳು ಹೊಳೆಗುಂಟ ಬಂದು ಮೊದಲು ಇಲ್ಲಿ ತಂಗಿದ್ದಳೆಂದು ಐತಿಹ್ಯ ಹೇಳುತ್ತದೆ. ಇಸೆಯಲ್ಲಿ ದೇವತೆಯ ಸಂಕೇತವಾಗಿರುವುದು ಒಂದು ಕನ್ನಡಿ. ಅದನ್ನೂ ಯಾರಿಗೂ ತೋರಿಸುವುದಿಲ್ಲ. ವಿಗ್ರಹವಿಲ್ಲವೆಂಬ ಕಾರಣಕ್ಕೆ ಇದನ್ನು ತೌಹೀದಿಗೆ ಹತ್ತಿರವೆಂದು ಭಾವಿಸುವುದು ಸರಿಯಲ್ಲ. ಕಾಮಿಗಳು ಎಂಬತ್ತು ಲಕ್ಷ ಎಂದು ಅವರೇ ಹೇಳುತ್ತಾರೆ.

ಒಬ್ಬ ವೃದ್ಧ ದಂಪತಿ ಬಂದರು. ಕೋಟು ಬಿಚ್ಚಿ ಕೈಯಲ್ಲಿ ಮಡಚಿಕೊಂಡು ಎರಡು ಬಾರಿ ಆಳವಾಗಿ ಬಾಗಿದರು. ಎರಡು ಚಪ್ಪಾಳೆ ಕಾಡಿನಲ್ಲಿ ಗಟ್ಟಿಯಾಗಿ ಕೇಳಿಸಿತು. ಬಳಿಕ ಕಣ್ಣುಮುಚ್ಚಿ ತುಟಿ ಅಲುಗಿಸುತ್ತಾ ತುಸು ಹೊತ್ತು ನಿಂತರು. ಆ ತಾಯಿ ಯಾರಿಗಾಗಿ ಏನನ್ನೋ ಬೇಡುತ್ತಿದ್ದರು. ಮಗನ ಕೆಲಸವೋ, ಮೊಮ್ಮಗುವಿನ ಕಾಯಿಲೆಯೋ. ತಮ್ಮ ನನ್ನ ಮುಖ ನೋಡಿದ. "ಇದು ಬರೀ ಪದ್ಧತಿಯಲ್ಲ ಭಾಯಿಜಾನ್, ಅವರು ದುಆ ಮಾಡುತ್ತಿದ್ದಾರೆ" ಎಂದು ಅವನೇ ಹೇಳಿದ. ಅವನ ವಾದ ಅಲ್ಲಿಗೆ ಮುಗಿಯಿತು. ಹುಡುಗಿ ಏನೂ ಹೇಳಿಸಿಕೊಳ್ಳದೆ ಟೋಪಿ ತೆಗೆದು ಕೈ ಕೆಳಗಿಳಿಸಿ, ಅವರ ಪ್ರಾರ್ಥನೆ ಮುಗಿಯುವವರೆಗೆ ಅಲುಗಾಡದೆ ಬದಿಯಲ್ಲಿ ನಿಂತಿದ್ದಳು.

ಜೆರುಸಲೇಮಿಗೆ ಬಂದ ಹಝ್ರತ್ ಉಮರ್(ರ) ಅವರನ್ನು ಅಲ್ಲಿಯ ಧರ್ಮಾಧಿಕಾರಿ ಚರ್ಚಿನೊಳಗೇ ನಮಾಝ್ ಮಾಡಲು ಕರೆದರೆಂದೂ, ಮುಂದೆ ಮುಸ್ಲಿಮರು ಅದನ್ನೇ ನೆಪ ಮಾಡಿ ಆ ಸ್ಥಳದ ಮೇಲೆ ಹಕ್ಕು ಸಾಧಿಸಬಾರದೆಂದು ಅವರು ಹೊರಗೆ ಬಂದು ನಮಾಝ್ ಮಾಡಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಅವರು ಚರ್ಚನ್ನು ನೋಡಲು ಹಿಂಜರಿಯಲಿಲ್ಲ ಎಂಬುದೂ ಅದೇ ಘಟನೆಯಲ್ಲಿದೆ. ಇತರರ ಆರಾಧನಾಲಯ ಪ್ರವೇಶದ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಕಟ್ಟುನಿಟ್ಟಾದ ಮಾತನ್ನು ಅನುಸರಿಸುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಇತರರು ಆರಾಧಿಸುವವರನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸಿರುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಗುಡಿಗಳ ಪಕ್ಕದಲ್ಲೇ ಅಷ್ಟೇ ಅಳತೆಯ ಖಾಲಿ ನಿವೇಶನ. ಏಕೆಂದು ತಿಳಿದಾಗ ನಾನು ಅಲ್ಲಿಯೇ ಒಂದು ಗಳಿಗೆ ನಿಂತುಬಿಟ್ಟೆ. ಇಸೆಯ ಮುಖ್ಯ ಗುಡಿಗಳನ್ನು ಪ್ರತಿ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ, ಅದೇ ಅಳತೆಗೆ, ಅದೇ ವಿಧಾನದಲ್ಲಿ ಕಟ್ಟುತ್ತಾರೆ. ಬಳಿಕ ಹಳೆಯದನ್ನು ಬಿಚ್ಚುತ್ತಾರೆ. ಮೊದಲ ಮರುನಿರ್ಮಾಣ ಕ್ರಿ.ಶ. 690ರಲ್ಲಿ ಆಯಿತು. 62ನೆಯದು 2013ರಲ್ಲಿ. ತಾಕಿಹಾರದ ಸರದಿ ಮರುವರ್ಷ ಬಂತು. 2033ರ ಮರುನಿರ್ಮಾಣಕ್ಕಾಗಿ ಮರ ಕಡಿಯುವ ವಿಧಿಗಳು 2025ರಲ್ಲೇ ಆರಂಭವಾಗಿವೆ. ಕಟ್ಟಡ ಮಾತ್ರವಲ್ಲ, ಒಳಗಿಡುವ ಬಟ್ಟೆ, ಕತ್ತಿ, ಬಿಲ್ಲು ಮುಂತಾದ 714 ವಿಧದ 1,576 ವಸ್ತುಗಳನ್ನೂ ಹೊಸದಾಗಿ ತಯಾರಿಸುತ್ತಾರೆ. ಹಳೆಯ ಮರವನ್ನು ಎಸೆಯುವುದಿಲ್ಲ. ಗುಡಿಯ ದೊಡ್ಡ ಕಂಬಗಳು ಇಸೆಯ ಸೇತುವೆಯ ಎರಡು ತುದಿಗಳಲ್ಲಿ ತೋರಿಗಳಾಗಿ 20 ವರ್ಷ ನಿಲ್ಲುತ್ತವೆ. ಆಮೇಲೆ ಅಲ್ಲಿಂದಲೂ ಹೊರಟು ಹಳೆಯ ಯಾತ್ರಾ ಮಾರ್ಗದ ಬೇರೆ ಊರುಗಳಲ್ಲಿ ತೋರಿಗಳಾಗುತ್ತವೆ. ಮರ ಸಾಲದೆ ಹೋಗಬಾರದೆಂದು 1923ರಲ್ಲಿ 200 ವರ್ಷಗಳ ಯೋಜನೆ ಹಾಕಿ ಹಿನೋಕಿ ನೆಡಲು ಶುರುಮಾಡಿದರು. ನೆಟ್ಟವರಲ್ಲಿ ಒಬ್ಬರೂ ಆ ಮರವನ್ನು ಕಂಬವಾಗಿ ನೋಡುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

20 ವರ್ಷವೇ ಏಕೆ ಎಂಬುದಕ್ಕೆ ಹಲವು ಕಾರಣ ಹೇಳುತ್ತಾರೆ. ನನಗೆ ಹಿಡಿಸಿದ್ದು ಬಡಗಿಗಳ ಕಾರಣ. ಇಪ್ಪತ್ತರ ಪ್ರಾಯದಲ್ಲಿ ಶಿಷ್ಯನಾಗಿ ಉಳಿ ಹಿಡಿದವನು ನಲವತ್ತರಲ್ಲಿ ಮುಖ್ಯ ಬಡಗಿಯಾಗುತ್ತಾನೆ, ಅರವತ್ತರಲ್ಲಿ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾನೆ. ಕೈಯಿಂದ ಕೈಗೆ ದಾಟಿದ ವಿದ್ಯೆ ಅದು. ತಜ್ವೀದ್ ಕಲಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಕುರ್‌ಆನಿನ ಮುದ್ರಿತ ಪ್ರತಿಗಳು ಪ್ರಪಂಚದ ತುಂಬ ಇದ್ದರೂ 'ಳಾದ್' ಅಕ್ಷರವನ್ನು ಉಸ್ತಾದರ ಬಾಯಿ ನೋಡದೆ ಯಾರೂ ಕಲಿತಿಲ್ಲ. ಉಸ್ತಾದರಿಗೆ ಅವರ ಉಸ್ತಾದರು, ಅವರಿಗೆ ಅವರ ಉಸ್ತಾದರು, ಹೀಗೆ ಸನದು ಪ್ರವಾದಿವರ್ಯರವರೆಗೆ(ಸ) ಹೋಗುತ್ತದೆ. ನಡುವೆ ಒಂದು ಕೊಂಡಿ ಕಳಚಿದರೂ ಪುಸ್ತಕದಿಂದ ಅದನ್ನು ಜೋಡಿಸಲಾಗದು.

ಅವರಲ್ಲೂ ಒಮ್ಮೆ ಕೊಂಡಿ ಕಳಚಿತ್ತು. 15ನೆಯ ಶತಮಾನದ ಅಂತಃಕಲಹಗಳಲ್ಲಿ ದೇಶ ಬರಿದಾದಾಗ ಇಸೆಯ ಹೊರಗುಡಿಯ ಮರುನಿರ್ಮಾಣ 1434ರ ಬಳಿಕ, ಒಳಗುಡಿಯದು 1462ರ ಬಳಿಕ ನಿಂತೇಹೋಯಿತು. ಒಂದು ಶತಮಾನಕ್ಕೂ ಮಿಕ್ಕಿ ಗುಡಿಗಳು ಹಾಳುಬಿದ್ದವು. ಅದನ್ನು ಮತ್ತೆ ಆರಂಭಿಸಿದವರು ಯಾವ ರಾಜರೂ ಅಲ್ಲ, ಸನ್ಯಾಸಿನಿಯರು. ಅದರಲ್ಲೂ ಬೌದ್ಧ ಸನ್ಯಾಸಿನಿಯರು! ಸೇಜುನ್ ಎಂಬವರು ಊರೂರು ತಿರುಗಿ ಹಣ ಸಂಗ್ರಹಿಸಿದ ಫಲವಾಗಿ 1563ರಲ್ಲಿ ಹೊರಗುಡಿ ಎದ್ದಿತು. ಅವರ ಬಳಿಕ ಬಂದ ಶೂಯೋ ಎಂಬವರ ಶ್ರಮದಿಂದ 1585ರಲ್ಲಿ ಎರಡೂ ಗುಡಿಗಳು ಎದ್ದವು. ಬೌದ್ಧ ಪದಗಳನ್ನು ಬಾಯಲ್ಲಿ ಆಡುವುದನ್ನೂ ನಿಷೇಧಿಸಿದ್ದ ಜಾಗ ಅದು ಎಂಬುದನ್ನು ನೆನೆದರೆ ಆ ಹೆಂಗಸರ ದೊಡ್ಡತನ ತಿಳಿಯುತ್ತದೆ. ಮಹಿಳೆಯರಿಗೆ ಮಸೀದಿಯಲ್ಲಿ ಜಾಗವೆಲ್ಲಿದೆ ಎಂದು ಚರ್ಚಿಸುತ್ತಾ ಕಾಲ ಕಳೆಯುವ ನಮ್ಮ ಜಮಾಅತ್‌ಗಳ ಹಿರಿಯರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ಗುಡಿಯಿಂದ ಹೊರಬಂದಾಗ ಝುಹ್ರ್ ಸಮಯ. ಗುಡಿಯ ಆವರಣವನ್ನು ದಾಟಿ, ಹೆದ್ದಾರಿ ಬದಿಯ ತಂಗುದಾಣದ ಹಿಂದಿನ ಹುಲ್ಲಿನ ಮೇಲೆ ಚಾಪೆ ಹಾಸಿ ಜಮಾಅತ್ ನಿರ್ವಹಿಸಿದೆವು. ಆಮೇಲೆ ಡಬ್ಬಿ ಬಿಚ್ಚಿ ಪಲಾವ್ ತಿನ್ನುತ್ತಾ ಹುಡುಗಿಯ ಪ್ರಶ್ನೆಗೆ ಬಂದೆವು. ಶಾಲೆಯಲ್ಲಿ ಶಿಕ್ಷಕರಿಗೆ ದಿನವೂ ತುಸು ತಲೆಬಾಗುತ್ತಾಳೆ, ಅದು ಆ ನಾಡಿನ ಸಲಾಮ್. ಗುಡಿಯ ಮುಂದಿನ ಬಾಗುವಿಕೆ ಬೇರೆ, ಅದು ಇಬಾದತ್, ಅದು ಅಲ್ಲಾಹನಿಗೆ ಮಾತ್ರ ಸಲ್ಲಬೇಕು. ಪ್ರವಾಸಕ್ಕೆ ಹೋಗಲಿ, ನೋಡಲಿ, ಕಲಿಯಲಿ. ಇತರರು ಬಾಗುವಾಗ ಇವತ್ತು ನಿಂತಂತೆಯೇ ಬದಿಯಲ್ಲಿ ನಿಲ್ಲಲಿ ಎಂದೆ. "ಶಾಲೆಯವರು ಬೇಸರ ಮಾಡಿಕೊಂಡರೆ?" ಎಂದು ತಾಯಿ ಕೇಳಿದಳು.

ಈ ಭಯಕ್ಕೆ ಅಲ್ಲಿ ಹಳೆಯ ಕಾರಣವಿದೆ. 1868ರ ಬಳಿಕ ಬಂದ ಸರಕಾರ ಶಿಂಟೋವನ್ನು ರಾಷ್ಟ್ರಭಕ್ತಿಯ ಸಾಧನವಾಗಿಸಿತು. ಇದು ಧರ್ಮವಲ್ಲ, ದೇಶದ ಆಚರಣೆ ಎಂದು ಹೇಳಿ ಶಾಲಾ ಮಕ್ಕಳನ್ನು ಸಾಲಾಗಿ ಗುಡಿಗಳಿಗೆ ಕರೆದೊಯ್ದಿತು. 1932ರಲ್ಲಿ ಟೋಕಿಯೋದ ಕ್ಯಾಥೊಲಿಕ್ ಸಂಸ್ಥೆಯಾದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಯಾಸುಕುನಿ ಗುಡಿಯ ಮುಂದೆ ಬಾಗಲಿಲ್ಲ. ದೊಡ್ಡ ಕೋಲಾಹಲವಾಯಿತು. ಬಾಗುವುದು ದೇಶಪ್ರೇಮದ ಸಂಕೇತ ಮಾತ್ರ ಎಂದು ಶಿಕ್ಷಣ ಇಲಾಖೆ ಸ್ಪಷ್ಟೀಕರಣ ಕೊಟ್ಟಿತು. 1936ರಲ್ಲಿ ರೋಮ್ ಕೂಡ ಅದನ್ನು ಒಪ್ಪಿ ಅನುಮತಿ ನೀಡಿತು. ಜಪಾನಿನ ಅಧೀನದಲ್ಲಿದ್ದ ಕೊರಿಯಾದಲ್ಲಿ ಇದೇ 'ಬರೀ ಪದ್ಧತಿ'ಯನ್ನು ಒಪ್ಪದವರನ್ನು ಸೆರೆಮನೆಗೆ ಹಾಕಲಾಯಿತು. ಜು ಗಿ-ಚೊಲ್ ಎಂಬ ಕ್ರೈಸ್ತ ಪಾದ್ರಿ 1944ರಲ್ಲಿ ಪ್ಯೊಂಗ್‌ಯಾಂಗ್ ಸೆರೆಮನೆಯಲ್ಲೇ ಕೊನೆಯುಸಿರೆಳೆದರು. ಪೂಜೆಯನ್ನು ಪದ್ಧತಿಯೆಂದು ಕರೆದ ಕೂಡಲೇ ಅದು ನಿರುಪದ್ರವಿಯಾಗುವುದಿಲ್ಲ. ಕೆಲವೊಮ್ಮೆ ಒಲ್ಲೆನೆನ್ನುವ ಹಕ್ಕನ್ನು ಕಸಿಯುವುದೇ ಆ ಹೆಸರಿನಿಂದ. ತಾಕಿಹಾರದಂತಹ ಕಾಡುಗುಡಿಗೆ ಬಂದು ಮಗನಿಗಾಗಿ ಬೇಡುವ ತಾಯಿಗೂ ಆ ಸರಕಾರಿ ಶಿಂಟೋಗೂ ಸಂಬಂಧವಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಯುದ್ಧದಲ್ಲಿ ಸೋತ ಮೇಲೆ, 1945ರ ಡಿಸೆಂಬರಿನಲ್ಲಿ ಶಿಂಟೋವನ್ನು ಸರಕಾರದಿಂದ ಬೇರ್ಪಡಿಸಲಾಯಿತು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 20ನೆಯ ವಿಧಿಯ ಪ್ರಕಾರ ಯಾವುದೇ ಧಾರ್ಮಿಕ ಕ್ರಿಯೆಯಲ್ಲಿ ಭಾಗವಹಿಸಲು ಯಾರನ್ನೂ ಒತ್ತಾಯಿಸುವಂತಿಲ್ಲ. ಇದು ಕಾಗದದ ಮಾತಾಗಿ ಉಳಿಯಲಿಲ್ಲ. ಕೋಬೆಯ ತಾಂತ್ರಿಕ ಕಾಲೇಜೊಂದರಲ್ಲಿ ಯೆಹೋವಾ ಸಾಕ್ಷಿ ಪಂಗಡದ ವಿದ್ಯಾರ್ಥಿಯೊಬ್ಬ ಧರ್ಮದ ಕಾರಣಕ್ಕೆ ಕೆಂಡೋ ಎಂಬ ಕತ್ತಿವರಸೆಯ ಅಭ್ಯಾಸಕ್ಕೆ ಒಲ್ಲೆನೆಂದ. ಕಾಲೇಜು ಅವನನ್ನು ಹೊರಹಾಕಿತು. ಬದಲಿ ಅಭ್ಯಾಸದ ಸಾಧ್ಯತೆಯನ್ನು ಪರಿಶೀಲಿಸದೆ ಹೊರಹಾಕಿದ್ದು ಕಾನೂನುಬಾಹಿರ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದಕ್ಕೆ ಹತ್ತು ವರ್ಷ ಮೊದಲು, 1986ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಅದೇ ಪಂಗಡದ ಮೂವರು ಕೇರಳದ ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಲು ಆದೇಶಿಸಿತ್ತು. ಆ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಶಾಲೆಯೊಂದಿಗೆ ಜಗಳಕ್ಕೆ ಹೋಗಬೇಕೆಂದಲ್ಲ, ಹೆದರಬೇಕಿಲ್ಲವೆಂದು. ತಾಯಿಯೇ ತರಗತಿಯ ಶಿಕ್ಷಕಿಗೆ ನಾಲ್ಕು ಸಾಲಿನ ವಿನಯದ ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಏನು ಬರೆಯಬೇಕೆಂದು ಹುಡುಗಿಯೇ ಹೇಳಿಕೊಟ್ಟಳು: "ನಾನು ಸುಮ್ಮನೆ ನಿಂತಿರುತ್ತೇನೆ, ನನ್ನಿಂದ ಯಾರಿಗೂ ತೊಂದರೆಯಾಗುವುದಿಲ್ಲ." ಅವಳ ಜಪಾನಿ ಭಾಷೆ ತಾಯಿಯದಕ್ಕಿಂತ ಚೆನ್ನಾಗಿದೆ.

ಆದರೆ ಅವಳ ಪ್ರಶ್ನೆಗಳು ಮುಗಿದಿರಲಿಲ್ಲ. ಗುಡಿಯ ಕಚೇರಿಯ ಕಿಟಕಿಯಲ್ಲಿ ಒಮಾಮೋರಿಗಳನ್ನು ಇಟ್ಟಿದ್ದರು. ಅಂಗೈಗಿಂತ ಚಿಕ್ಕದಾದ, ದಾರ ಕಟ್ಟಿದ ಬಟ್ಟೆಯ ಚೀಲಗಳು. ಒಳಗೆ ಏನೋ ಬರೆದ ಕಾಗದ ಅಥವಾ ಮರದ ತುಂಡು ಇರುತ್ತದೆ. ಬಿಚ್ಚಿ ನೋಡಬಾರದು, ನೋಡಿದರೆ ರಕ್ಷಣೆ ಹೋಗುತ್ತದೆಂಬ ನಂಬಿಕೆ. ಪರೀಕ್ಷೆಗೆ ಒಂದು, ವಾಹನಕ್ಕೆ ಒಂದು, ಹೆರಿಗೆಗೆ ಒಂದು. ಪ್ರವಾಸದಲ್ಲಿ ಗೆಳತಿಯರು ಇದನ್ನು ಒಬ್ಬರಿಗೊಬ್ಬರು ಕೊಡುತ್ತಾರಂತೆ. ಕೊಟ್ಟರೆ ಏನು ಮಾಡಬೇಕೆಂದು ಕೇಳಿದಳು. ಗೆಳತಿಯ ಪ್ರೀತಿಗೆ ಧನ್ಯವಾದ ಹೇಳು, ನಮ್ಮನ್ನು ಕಾಯುವವನು ಅಲ್ಲಾಹನೊಬ್ಬನೇ, ಆದ್ದರಿಂದ ನಾವು ಇದನ್ನು ಕಟ್ಟಿಕೊಳ್ಳುವುದಿಲ್ಲವೆಂದು ತಿಳಿಸು, ಅವಳಿಗೆ ನೀನು ಬೇರೇನಾದರೂ ಉಡುಗೊರೆ ಕೊಡು ಎಂದೆ. ಅವಳು ತಲೆಯಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದರೆ ಊರಲ್ಲಿ ದಾದಿಯ ಮನೆ ಬಾಗಿಲಿಗೆ ಕಪ್ಪು ಬಟ್ಟೆಯಲ್ಲಿ ಹೊಲಿದು ನೇತುಹಾಕಿದ್ದಾರಲ್ಲ, ಅದರಲ್ಲಿ ಏನಿದೆ ಬಡೇ ಅಬ್ಬಾ?"

ಅವಳ ತಂದೆ ಡಬ್ಬಿ ಮುಚ್ಚುವುದರಲ್ಲಿ ಮಗ್ನನಾದ. ನಗೋಯಾ ತಲುಪುವವರೆಗಿನ ಎರಡು ಗಂಟೆ ನಾವು ಮಾತಾಡಿದ್ದು ಅದನ್ನೇ.